ಹೊಸ್ತಿಲ ಮೇಲಿನ ಬಿಸಿಲು

ಹಲಸೂರು
10 ಜೂನ್ 2025

ಹೇಮಾ,

ಅದಕ್ಕೇ ನಾನು ಹೇಳುತ್ತಿದ್ದುದು, ಮಗು ನಿದ್ದೆಯಲ್ಲಿರುವಾಗ ಹೊರಟುಬಿಡುವುದೇ ಸರಿ ಅಂತ. ನೀನು ಏನೋ ಉತ್ತರ ಕೊಡಲು ಬಾಯಿ ತೆರೆದೆ, ಅಷ್ಟರಲ್ಲಿ ಕಲಬುರಗಿ ಬಸ್ಸು ಹೊರಟುಬಿಟ್ಟಿತು. ಕಿಟಕಿಯಲ್ಲಿ ನಿನ್ನ ತುಟಿ ಆಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಏನು ಹೇಳಿದೆ ಅಂತ ದಾರಿಯುದ್ದಕ್ಕೂ ಯೋಚಿಸಿಕೊಂಡು ಮನೆಗೆ ಬಂದೆ.

ಪಾಪು ಎದ್ದಾಗ ಮೊದಲು ನಿನ್ನ ದಿಂಬು ನೋಡಿದಳು. ಆಮೇಲೆ ನನ್ನನ್ನು. ಮುಚ್ಚಿದ ಬಾಗಿಲನ್ನು ನೋಡುತ್ತಾರಲ್ಲ, ತೆರೆದರೆ ಆಚೆ ಯಾರೋ ಇದ್ದಾರೆ ಅಂತ, ಹಾಗೆ ನೋಡಿದಳು. ತೆರೆಯಲಿಲ್ಲವಾದ್ದರಿಂದ ಅತ್ತಳು. ಪಕ್ಕದ ಮನೆಯ ಇಮಾಮ್ ಬೀ ಬಂದು ಎತ್ತಿಕೊಂಡ ಮೇಲೆ ಸ್ವಲ್ಪ ಬಾಟಲಿ ಹಾಲು ಕುಡಿದಳು. ವರಿ ಮಾಡಬೇಡ. ಎವೆರಿಥಿಂಗ್ ಈಸ್ ಅಂಡರ್ ದಿ ಕಂಟ್ರೋಲ್.

ನೀನು ತಲುಪಿದ ಮೇಲೆ ಫೋನಿನಲ್ಲಿ ಮುಖ ತೋರಿಸಿದೆಯಲ್ಲ, ಅದನ್ನು ಇನ್ನು ಬೇಡ. ನೀನು ಫೋನು ಇಟ್ಟ ಮೇಲೆ ಏನಾಯಿತು ಅಂತ ನಿನಗೆ ಗೊತ್ತಿಲ್ಲ. ಪಾಪು ಫೋನನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿ ಅದರ ಬೆನ್ನು ನೋಡಿದಳು. ಅಲ್ಲಿ ನೀನಿರಲಿಲ್ಲ. ಮತ್ತೆ ತಿರುಗಿಸಿದಳು. ನಾನು ದೂರವಾಣಿನಗರದ ಫ್ಯಾಕ್ಟರಿಯಲ್ಲಿ ಜೀವಮಾನವೆಲ್ಲ ಟೆಲಿಫೋನು ಜೋಡಿಸಿದವನು. ಅದರೊಳಗೆ ಯಾರೂ ಇರುವುದಿಲ್ಲ ಅಂತ ನನಗೆ ಗೊತ್ತು, ಅವಳಿಗೆ ಹೇಗೆ ಹೇಳುವುದು? ಪೊಲೀಸ್ ತರಬೇತಿ ಶಾಲೆಯವರು ನಿಮ್ಮ ಫೋನೆಲ್ಲ ಕಿತ್ತು ಬೀರುವಿನಲ್ಲಿಟ್ಟು ಭಾನುವಾರ ಮಾತ್ರ ಕೊಡುತ್ತಾರೆ ಅಂದೆಯಲ್ಲ, ಒಳ್ಳೆಯದೇ ಆಯಿತು. ಭಾನುವಾರ ನಿನ್ನ ಗಂಡ ಸುಗತನ ಹತ್ತಿರ ಮಾತಾಡು. ನನಗೆ ಕಾಗದ ಬರೆ. ಕಾಗದಕ್ಕೆ ಬೆನ್ನಿದ್ದರೂ ಪಾಪು ಅದರ ಹಿಂದೆ ಹುಡುಕುವುದಿಲ್ಲ, ತಿನ್ನುತ್ತಾಳೆ ಅಷ್ಟೆ.

ಅವನಿಗೆ ಗರುಡಾಚಾರ್‌ಪಾಳ್ಯದ ಫ್ಯಾಕ್ಟರಿಯಲ್ಲಿ ಈ ವಾರ ಸೆಕೆಂಡ್ ಶಿಫ್ಟು. ಸಂಜೆ ಮನೆಯಲ್ಲಿ ಯಾರೂ ಇರುವುದಿಲ್ಲವಾದ್ದರಿಂದ ನಾನು ಕೆರೆ ಸುತ್ತಲು ಹೋಗುವುದನ್ನು ನಿಲ್ಲಿಸಿದ್ದೇನೆ. ಕೆರೆ ಎಲ್ಲಿಗೂ ಹೋಗುವುದಿಲ್ಲ.

ಯುವರ್ಸ್ ಒಬೀಡಿಯೆಂಟ್ಲಿ,
ಅಪ್ಪ


ಕಲಬುರಗಿ
19 ಜೂನ್ 2025

ಅಪ್ಪಾ,

ಬೆಳಿಗ್ಗೆ ಪರೇಡು, ಆಮೇಲೆ ಕ್ಲಾಸು, ಸಂಜೆ ಮತ್ತೆ ಪರೇಡು. ಎದೆ ಕಟ್ಟಿಕೊಂಡು ಓಡುವುದಕ್ಕೇ ಆಗುತ್ತಿರಲಿಲ್ಲ. ಬಾತ್‌ರೂಮಿಗೆ ಹೋಗಿ ಹಾಲು ಹಿಂಡಿ ಚೆಲ್ಲಿ ಬರುತ್ತಿದ್ದೆ. ಈಗ ಕಡಿಮೆಯಾಗುತ್ತಿದೆ. ಕಡಿಮೆಯಾಗುತ್ತಿದೆ ಅಂತ ಸಮಾಧಾನವೂ ಆಗುತ್ತದೆ, ಅಳುವೂ ಬರುತ್ತದೆ.

ಒಂದು ಮುಖ್ಯ ವಿಷಯ. ಬೀರುವಿನ ಕೆಳಗಿನ ಖಾನೆಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ನನ್ನ ಎರಡು ನೈಟಿ ಇಟ್ಟಿದ್ದೇನೆ. ಸುಗತನಿಗೆ ಹೇಳಿದ್ದೆ, ಮರೆತಿರುತ್ತಾನೆ. ನಾನು ಹಾಕಿಕೊಂಡು ಬಿಚ್ಚಿದವು, ಒಗೆದಿಲ್ಲ. ಒಗೆಯಲೂ ಬಾರದು. ಮಗುವಿಗೆ ತಾಯಿಯ ಮುಖಕ್ಕಿಂತ ಮೊದಲು ವಾಸನೆ ಗೊತ್ತಾಗುತ್ತದಂತೆ, ಡಾಕ್ಟರು ಹೇಳಿದರು. ಜೋಲಿಯೊಳಗೆ ಒಂದೊಂದಾಗಿ ಹಾಸು. ವಾಸನೆ ಇರುವವರೆಗೆ ನಾನು ಅಲ್ಲಿದ್ದ ಹಾಗೆ.

ಈ ಏಳು ತಿಂಗಳ ವಯಸ್ಸಿನಲ್ಲಿ ಬಿಟ್ಟುಹೋದರೆ ಮಗು ಮರೆತುಬಿಡುತ್ತದೆ ಅಂತ ಇಲ್ಲಿ ಒಬ್ಬಳು ಹೇಳಿದಳು. ಈ ಬ್ಯಾಚು ಬಿಟ್ಟರೆ ನನಗೆ ಸಬ್ ಇನ್‌ಸ್ಪೆಕ್ಟರ್ ಕೆಲಸ ಮತ್ತೆ ಸಿಗುವುದಿಲ್ಲ ಅಂತ ನಿನಗೂ ಗೊತ್ತು. ಸೆಪ್ಟೆಂಬರ್ ಕೊನೆಗೆ ರಜೆ ಕೊಡುತ್ತಾರೆ. ಅವಳಿಗೆ ನನ್ನ ಗುರುತು ಇರಬೇಕು ಅಪ್ಪಾ. ಅಷ್ಟೇ ನಾನು ಕೇಳುವುದು.

ಹೇಮಾ


ಹಲಸೂರು
2 ಜುಲೈ 2025

ಹೇಮಾ,

ನಿನ್ನ ಕಾಗದ ಬಂತು. ನೈಟಿ ವಿಷಯ: ಆಲ್ ಅರೇಂಜ್‌ಮೆಂಟ್ಸ್ ಮೇಡ್. ಜೋಲಿಯಲ್ಲಿ ಬಟ್ಟೆ ಇದೆ. ಪಾಪು ಅದನ್ನು ಮುಷ್ಟಿಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡು ಮಲಗುತ್ತಾಳೆ. ಮೊದಲ ವಾರದಷ್ಟು ಅಳು ಈಗ ಇಲ್ಲ.

ನೀನು ಮರೆವಿನ ಮಾತು ಬರೆದದ್ದಕ್ಕೆ ನೆನಪಾಯಿತು. ಸೆಕೆಂಡ್ ಬಿ.ಎ.ಯಲ್ಲಿ ನಮಗೆ ಸೈಕಾಲಜಿ ಇತ್ತು. ಒಬ್ಬ ಲೆಕ್ಚರರ್ ಬಾತುಕೋಳಿ ಪಾಠ ಮಾಡಿದರು. ಮೊಟ್ಟೆಯೊಡೆದು ಬಂದ ಮರಿ ಮೊದಲು ಯಾರನ್ನು ಕಾಣುತ್ತದೋ ಅವರನ್ನೇ ತಾಯಿ ಅಂದುಕೊಂಡು ಹಿಂದೆ ಹೋಗುತ್ತದಂತೆ. ಅದಕ್ಕೆ ಇಂಪ್ರಿಂಟಿಂಗ್ ಅನ್ನುತ್ತಾರೆ, ಅಥವಾ ಇಂಪ್ರೆಷನ್. ಇಮಾಮ್ ಬೀಗೆ ಇದನ್ನು ವಿವರಿಸಿದೆ.

"ಕಾಲೇಜಲ್ಲಿ ನಿಮ್ಗೆ ಬಾತುಕೋಳಿ ಪಾಠ ಮಾಡ್ತಿದ್ರಾ ಅಣ್ಣಾ? ಅದ್ಕೇ ನೀವು ಫೇಲ್ ಆಗಿರೋದು," ಅಂದಳು.

"ಫೇಲಲ್ಲ ಇಮಾಮ್ ಬೀ, ಡಿಸ್‌ಕಂಟಿನ್ಯೂ."

"ಎರಡೂ ಒಂದೇ ಬಿಡಿ. ಬಚ್ಚಾ ಬಾತುಕೋಳಿ ಅಲ್ಲ. ಯಾರ್ ಹಿಂದೆ ಹೋಗ್ಬೇಕು ಅಂತ ಅದಕ್ಕೆ ಗೊತ್ತು. ನಿಮ್ಮ ಹಿಂದೆ ಬಂದಿದ್ರೆ ಹೇಳಿ ನೋಡೋಣ."

ಬಂದಿಲ್ಲ. ಅದು ನಿಜ. ಆದರೆ ನಿನಗೆ ಇನ್ನೊಂದು ವಿಷಯ ಹೇಳಬೇಕು. ಬರೆಯಲೋ ಬೇಡವೋ ಅಂತ ಎರಡು ದಿನ ಈ ಕಾಗದ ಹಾಗೇ ಬಿದ್ದಿತ್ತು.

ಸಂಜೆ ಎದುರಿನ ಎರಡು ಕಟ್ಟಡಗಳ ಸಂದಿಯಿಂದ ನಮ್ಮ ಹೊಸ್ತಿಲ ಮೇಲೆ ಒಂದು ಪಟ್ಟಿ ಬಿಸಿಲು ಬೀಳುತ್ತದಲ್ಲ. ಮೋಡವಿಲ್ಲದ ದಿನ ಆ ಬಿಸಿಲು ಬಂದ ಕೂಡಲೇ ಪಾಪು ಏನು ಮಾಡುತ್ತಿದ್ದರೂ ನಿಲ್ಲಿಸಿ ಅತ್ತ ತಿರುಗುತ್ತಾಳೆ. ಖಾಲಿ ಹೊಸ್ತಿಲನ್ನು ನೋಡುತ್ತಾಳೆ. ಗೊಂಬೆಯನ್ನೋ ಬೆಕ್ಕನ್ನೋ ನೋಡುವ ಹಾಗಲ್ಲ, ಕೂತವರ ಮುಖ ಎಲ್ಲಿರುತ್ತದೋ ಸರಿಯಾಗಿ ಅಲ್ಲಿಗೆ. ಕೈ ಚಾಚುತ್ತಾಳೆ. ತುಟಿ ಆಡಿಸುತ್ತಾಳೆ, ಯಾರ ಜೊತೆಯೋ ಮಾತಾಡುವ ಹಾಗೆ. ನಗುತ್ತಾಳೆ ಕೂಡ. ಬಿಸಿಲು ಸರಿದ ಮೇಲೆ ಅಳುತ್ತಾಳೆ.

ಅದು ಯಾರು ಸೊಪ್ಪು ಬಿಡಿಸಲು ಕೂರುತ್ತಿದ್ದ ಜಾಗ ಅಂತ ನಿನಗೆ ಹೇಳಬೇಕಾಗಿಲ್ಲ. ಮೊಮ್ಮಗಳನ್ನು ನೋಡದೆಯೇ ಹೋದಳು ಅಂತ ನಾವೆಲ್ಲ ಹೇಳಿದೆವು. ಈಗ ನನಗೆ ಹಾಗನ್ನಿಸುವುದಿಲ್ಲ. ದಟ್ಸ್ ಆಲ್, ನಾನು ಹೆಚ್ಚು ಬರೆಯುವುದಿಲ್ಲ.

ಅಪ್ಪ


ಕಲಬುರಗಿ
21 ಜುಲೈ 2025

ಅಪ್ಪಾ,

ನಿನ್ನೆ ಭಾನುವಾರ ಸುಗತನ ಜೊತೆ ಮಾತಾಡಿದೆ. "ಪಾಪು ಅಜ್ಜಿ ಸೀರೆ ಬಿಟ್ಟು ಮಲಗೋದೇ ಇಲ್ಲ ಕಣೇ" ಅಂದ. ಯಾವ ಸೀರೆ ಅಂದೆ. ಅವನು ತಡವರಿಸಿದ. ಆಮೇಲೆ ಎಲ್ಲ ಹೇಳಿದ.

ನಾನು ಹೊರಟ ಮಾರನೆಯ ದಿನವೇ ನೀನು ಆ ಕವರು ಬಿಚ್ಚಿ ಮಾಸಿದ ಬಟ್ಟೆ ಅಂದುಕೊಂಡು ಸೋಪು ಹಾಕಿ ಒಗೆದೆಯಂತೆ. ಮಗುವಿರುವ ಮನೆ ಅಂತ ಡೆಟಾಲ್ ಬೇರೆ. ಒಣಗಿದ ಮೇಲೆ ಸಾಂಬ್ರಾಣಿ ಹೊಗೆ ಹಿಡಿದೆಯಂತೆ. ಪಾಪು ಅಳು ನಿಲ್ಲಿಸಲಿಲ್ಲ ಅಂತ ಕೊನೆಗೆ ಅಮ್ಮನ ಸೀರೆಯಲ್ಲೇ ಜೋಲಿ ಕಟ್ಟಿದೆಯಂತೆ. ಗೊತ್ತಿಲ್ಲದೆ ಮಾಡಿದ್ದು, ಆಯಿತು. ಆದರೆ ನನ್ನ ಕಾಗದ ಬಂದ ಮೇಲೂ "ಜೋಲಿಯಲ್ಲಿ ಬಟ್ಟೆ ಇದೆ" ಅಂತ ಬರೆದೆಯಲ್ಲ. ನಾನು ಅದನ್ನು ನನ್ನ ಬಟ್ಟೆ ಅಂತ ಓದಿಕೊಂಡೆ. ಇಷ್ಟು ದಿನ ಪರೇಡಿನಲ್ಲಿ ನಿಂತಾಗ ಅದನ್ನೇ ನೆನೆಸಿಕೊಳ್ಳುತ್ತಿದ್ದೆ, ಅವಳ ಮೂಗಿನ ಹತ್ತಿರ ನಾನಿದ್ದೇನೆ ಅಂತ.

ಅಮ್ಮನ ಸೀರೆಗಳನ್ನೆಲ್ಲ ಕೊಟ್ಟುಬಿಟ್ಟೆ ಅಂತ ನೀನು ಅಂದಿದ್ದೆ. ಒಂದು ಇಟ್ಟುಕೊಂಡಿದ್ದೆ ಅಂತ ಹೇಳಲಿಲ್ಲ. ಹೋದವರ ಸೀರೆಯನ್ನು ಕೂಸಿಗೆ ಜೋಲಿ ಕಟ್ಟುತ್ತಾರಾ ಯಾರಾದರೂ? ಸುಗತ ಇನ್ನೂ ಒಂದು ಹೇಳಿದ. ಸಂಜೆ ನೀನು ಎರಡು ಲೋಟ ಕಾಫಿ ಮಾಡಿ ಒಂದನ್ನು ಹೊಸ್ತಿಲ ಮೇಲೆ ಇಡುತ್ತೀಯಂತೆ.

ಅಮ್ಮ ನನ್ನನ್ನು ಎತ್ತಿಕೊಂಡದ್ದು ನನಗೆ ನೆನಪಿಲ್ಲ. ಒಂದೇ ಚಾಪೆಯಲ್ಲಿ ಮಲಗಿದರೂ ನಡುವೆ ಇನ್ನೊಬ್ಬರು ಮಲಗುವಷ್ಟು ಜಾಗ ಬಿಡುತ್ತಿದ್ದಳು. ನಾನೂ ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ನನ್ನ ಹತ್ತಿರವೇ ಬಾರದವಳು ಈಗ ನನ್ನ ಮಗಳ ಹತ್ತಿರ ಬಂದು ಕೂತಿದ್ದಾಳಾ? ನನ್ನ ಮಗಳನ್ನೂ ತೆಗೆದುಕೊಳ್ಳುವುದಕ್ಕಾ?

ಸೀರೆ ತೆಗೆದುಬಿಡು.

ಹೇಮಾ


ಹಲಸೂರು
3 ಆಗಸ್ಟ್ 2025

ಹೇಮಾ,

ಸೀರೆ ತೆಗೆದೆ. ಒಂದಿಡೀ ದಿನ ಪಾಪು ಮಲಗಲಿಲ್ಲ, ಸುಗತ ರಜೆ ಹಾಕಿದ. ಇಮಾಮ್ ಬೀ ಬಂದು ನನ್ನ ಕೈಯಿಂದ ಕಿತ್ತುಕೊಂಡು ಅದನ್ನೇ ಮತ್ತೆ ಕಟ್ಟಿದಳು. "ನಿಮ್ ಜಗಳದಲ್ಲಿ ಬಚ್ಚಾ ಯಾಕೆ ಸಾಯ್ಬೇಕು? ಮಗಳು ಬರ್ಲಿ, ನಾನೇ ಜವಾಬ್ ಕೊಡ್ತೀನಿ," ಅಂದಳು. ಆದ್ದರಿಂದ ಸೀರೆ ಜೋಲಿಯಲ್ಲೇ ಇದೆ. ಇನ್ನು ನಾನು ನಿನಗೆ ಅರ್ಧ ಮಾತು ಬರೆಯುವುದಿಲ್ಲ.

ಆ ಸೀರೆ ಯಾವುದು ಅಂತ ನಿನಗೆ ಗೊತ್ತಿಲ್ಲ. ಪಾಚಿಹಸಿರು ನೂಲಿನದು, ಅಂಚು ಕೆಂಪು. ಈಗ ಎರಡೂ ಬಣ್ಣ ಒಂದೇ ಆಗಿವೆ. ನೀನು ಹುಟ್ಟಿ ಮೂರು ತಿಂಗಳಿಗೆ ನಿಮ್ಮಮ್ಮನಿಗೆ ಕೆಮ್ಮು ಹತ್ತಿತು. ಕೆಮ್ಮಿನಲ್ಲಿ ರಕ್ತ ಬಂತು. ಆಸ್ಪತ್ರೆಯಲ್ಲಿ ಟಿ.ಬಿ. ಅಂದರು, ಮಗುವನ್ನು ದೂರ ಇಡಿ ಅಂದರು. ನಿನ್ನನ್ನು ಕೆ.ಆರ್. ಪುರದಲ್ಲಿ ನಮ್ಮವ್ವನ ಮನೆಯಲ್ಲಿ ಬಿಟ್ಟೆ. ಟಿ.ಬಿ. ಇದ್ದ ಮನೆಯ ಹೆಣ್ಣನ್ನು ಯಾರೂ ಕೇಳಿಕೊಂಡು ಬರುವುದಿಲ್ಲ ಅಂತ ನಮ್ಮವ್ವ ನಮ್ಮ ಬಾಯಿ ಕಟ್ಟಿದಳು. ಕಟ್ಟಿದ ಬಾಯಿ ಹಾಗೇ ಉಳಿಯಿತು. ನಿನ್ನ ಮದುವೆಯಾದ ಮೇಲಾದರೂ ಹೇಳಬಹುದಿತ್ತು. ನಿಮ್ಮಮ್ಮನೇ ಬೇಡ ಅಂದಳು.

ಅವಳು ವಾಸಿಯಾಗಿ ಬಂದಾಗ ನಿನಗೆ ಹನ್ನೊಂದು ತಿಂಗಳು. ನಮ್ಮವ್ವನ ಮನೆ ಬಾಗಿಲಲ್ಲಿ ಕೈ ಚಾಚಿದಳು. ನೀನು ಕಿರುಚಿದ ಕಿರುಚು ಇವತ್ತೂ ನನ್ನ ಕಿವಿಯಲ್ಲಿದೆ. ಅವಳು ಮುಟ್ಟಲು ಬಂದರೆ ಸಾಕು, ಉಸಿರು ಕಟ್ಟಿ ನೀಲಿಯಾಗುತ್ತಿದ್ದೆ. ಆಗ ಅವಳು ಮುಟ್ಟುವುದನ್ನೇ ಬಿಟ್ಟಳು. ದಿನಾ ಬಂದು ಅಲ್ಲಿನ ಹೊಸ್ತಿಲ ಮೇಲೆ ಕೂರುವಳು. ಅದೇ ಸೀರೆ. ಬೇರೆ ಉಟ್ಟರೆ ಮತ್ತೆ ಹೊಸಬಳಾಗುತ್ತೇನೆ ಅಂತ ಅದನ್ನೇ ಒಗೆದು ಒಗೆದು ಉಡುವಳು. ಸೆರಗನ್ನು ನಿನ್ನ ಕಡೆ ನೆಲದ ಮೇಲೆ ಹರಡಿ, ಮುಖ ಬೀದಿ ಕಡೆ ತಿರುಗಿಸಿ ಸೊಪ್ಪು ಬಿಡಿಸುವಳು. ಯಾಕೆ ಅತ್ತ ತಿರುಗಿದ್ದೀಯ ಅಂದರೆ, "ನನ್ ಮುಖ ಕಂಡ್ರೆ ಹೆದರ್ತದೆ ಕಣ್ರೀ, ಸೀರೆ ಕಂಡ್ರೆ ಹೆದರಲ್ಲ," ಅನ್ನುವಳು. ನೀನು ಆ ಸೆರಗು ಹಿಡಿಯಲು ಎಷ್ಟೋ ದಿನ ಬೇಕಾಯಿತು. ಹಿಡಿದ ದಿನ ಅವಳು ಅಲ್ಲಾಡಲಿಲ್ಲ. ಬೆನ್ನು ಮಾತ್ರ ಅಲುಗಾಡುತ್ತಿತ್ತು.

ಆದರೆ ಅವಳಿಗೆ ಆ ಭಯ ಹೋಗಲೇ ಇಲ್ಲ. ನೀನು ದೊಡ್ಡವಳಾದ ಮೇಲೂ ನೀನಾಗಿ ಬಂದರೆ ಬರಲಿ, ನಾನಾಗಿ ಹೋದರೆ ಮತ್ತೆ ಕಿರುಚುತ್ತಾಳೆ ಅಂತಲೇ ಇದ್ದಳು. ನಡುವೆ ಬಿಟ್ಟ ಜಾಗ ಅಂತ ನೀನು ಬರೆದೆಯಲ್ಲ, ಅದು ಅವಳು ನಿನ್ನ ಸಲುವಾಗಿ ಬಿಟ್ಟದ್ದು. ನೀನು ಗೋಡೆ ಕಡೆ ತಿರುಗಿದಾಗ ಅವಳು ಎದ್ದು ಕೂತು ನಿನ್ನ ಬೆನ್ನು ನೋಡುತ್ತಿದ್ದುದನ್ನು ನಾನು ನೋಡಿದ್ದೇನೆ.

ಕಾಫಿಯ ವಿಷಯ ನಿಜ. ಮಗು ಅಲ್ಲಿ ಯಾರನ್ನೋ ನೋಡುತ್ತದೆ ಹೇಮಾ. ಬಂದವರಿಗೆ ಒಂದು ಲೋಟ ಕಾಫಿ ಇಡದೆ ಹೇಗಿರಲಿ? ಅವಳು ನಿನ್ನದನ್ನು ಏನೂ ತೆಗೆದುಕೊಳ್ಳುವುದಿಲ್ಲ. ನೀನು ಬರುವವರೆಗೆ ಕಾಯುತ್ತಿದ್ದಾಳೆ ಅಷ್ಟೆ. ಮತ್ತು, ಅಪಾರ್ಟ್ ಫ್ರಂ ದಟ್, ನನಗೂ ಸಂಜೆ ಯಾರೋ ಇದ್ದ ಹಾಗೆ ಆಗುತ್ತದೆ.

ಅಪ್ಪ


ಕಲಬುರಗಿ
6 ಅಕ್ಟೋಬರ್ 2025

ಅಪ್ಪಾ,

ನಿನ್ನ ಆಗಸ್ಟಿನ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ದಿನಾ ಓದುತ್ತಿದ್ದೆ, ಬರೆಯಲು ಕೂತರೆ ಕೈ ಬರುತ್ತಿರಲಿಲ್ಲ. ರಜೆಗೆ ಬಂದಾಗಲೂ ಆ ಮಾತೆತ್ತಲಿಲ್ಲ. ನೀನೂ ಎತ್ತಲಿಲ್ಲ.

ಬಾಗಿಲಲ್ಲಿ ನಾನು ಕೈ ಚಾಚಿದಾಗ ಪಾಪು ನಿನ್ನ ಕುತ್ತಿಗೆ ಹಿಡಿದು ಕಿರುಚಿದಳಲ್ಲ, ಆಗ ನೀನು ನನ್ನ ಮುಖ ನೋಡಲಿಲ್ಲ. ನನಗೆ ಗೊತ್ತು, ನಿನಗೆ ಯಾವ ಬಾಗಿಲು ನೆನಪಾಯಿತು ಅಂತ. ನನಗೂ ಅದೇ ನೆನಪಾಯಿತು, ನಿನ್ನ ಕಾಗದದಲ್ಲಷ್ಟೇ ಕಂಡ ಬಾಗಿಲು. ಕೂದಲು ಕತ್ತರಿಸಿದ್ದೇನೆ, ಕರ್ರಗಾಗಿದ್ದೇನೆ, ಮೈಯೆಲ್ಲ ಬೂಟ್ ಪಾಲಿಶ್ ವಾಸನೆ. ಅವಳದೇನೂ ತಪ್ಪಿಲ್ಲ. ಎರಡು ದಿನ ನಾನು ಒಂದು ಕೋಣೆಗೆ ಬಂದರೆ ಅವಳು ಇನ್ನೊಂದಕ್ಕೆ ಅಂಬೆಗಾಲಲ್ಲಿ ಓಡಿದಳು. ಇಮಾಮ್ ಬೀ "ಪೊಲೀಸ್ ಅಂದ್ರೆ ಎಲ್ರೂ ಓಡ್ತಾರೆ ಬೇಟಾ" ಅಂತ ನಗಿಸಿದಳು. ನಕ್ಕು, ಬಚ್ಚಲಿಗೆ ಹೋಗಿ ಅತ್ತೆ.

ಮೂರನೆಯ ಸಂಜೆ ನಿನ್ನನ್ನು ಕೆರೆ ಸುತ್ತಿ ಬಾ ಅಂತ ಬಲವಂತವಾಗಿ ಕಳಿಸಿದೆನಲ್ಲ. ನೀನು ಹೋದ ಮೇಲೆ ಹೊಸ್ತಿಲ ಮೇಲೆ ಕೂತೆ. ಅಮ್ಮ ಕೂತ ಹಾಗೆ, ಮುಖ ಬೀದಿ ಕಡೆ. ಬಿಸಿಲು ಬಂತು. ಹಿಂದೆ ಅವಳ ಬಳೆ ನೆಲಕ್ಕೆ ತಾಗುವ ಸದ್ದು ಹತ್ತಿರ ಹತ್ತಿರ ಬಂತು. ನಾನು ತಿರುಗಲಿಲ್ಲ. ನನ್ನ ಪಕ್ಕಕ್ಕೆ ಬಂದಳು, ಮೊಣಕಾಲು ಹಿಡಿದು ಎದ್ದು ನಿಂತಳು, ಮುಖ ನೋಡಲೇ ಇಲ್ಲ. ನೇರವಾಗಿ ತೊಡೆಯೇರಿ, ಎಡಗಡೆಗೆ ತಲೆಯಿಟ್ಟು, ಟೀ ಶರ್ಟಿನ ಮೇಲೆಯೇ ಬಾಯಿ ಹಚ್ಚಿದಳು. ಹಾಲಿಲ್ಲ, ಬತ್ತಿಹೋಗಿ ತಿಂಗಳುಗಳಾದವು. ಆದರೂ ಬಿಡಲಿಲ್ಲ. ಆಮೇಲೆ ತಲೆಯೆತ್ತಿ ಮುಖ ನೋಡಿದಳು. ಕಿರುಚಲಿಲ್ಲ.

ಈಗ ನಿನಗೆ ಹೇಳಲೇಬೇಕು. ಮನೆಯಲ್ಲಿದ್ದಾಗಲೇ ಹೇಳಬೇಕಿತ್ತು. ನೀನು ಹಿಂದಿನ ದಿನ ಹೊಸ್ತಿಲ ಮೇಲೆ ಕಾಫಿ ಇಟ್ಟು "ಬಂದ್ಲು ನೋಡು ನಿನ್ನ ಮಗ್ಳು" ಅಂತ ಮೆಲ್ಲಗೆ ಹೇಳಿದ್ದು ಕೇಳಿಸಿಕೊಂಡೆ. ಅದಕ್ಕೇ ಬಾಯಿ ಬರಲಿಲ್ಲ.

ಅಪ್ಪಾ, ತರಬೇತಿಗೆ ಬರುವ ಮೊದಲು ನಾನು ದಿನಾ ಸಂಜೆ ಅಲ್ಲೇ ಕೂತು ಹಾಲು ಕೊಡುತ್ತಿದ್ದೆ. ಒಳಗೆ ಸೆಕೆ ಅಂತ. ಬಾಗಿಲ ಪರದೆ ಅರ್ಧ ಎಳೆದುಕೊಂಡು, ಬೆನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ, ಬಿಸಿಲು ಸರಿಯುವವರೆಗೆ. ಆ ಹೊತ್ತಿಗೆ ನೀನು ಯಾವತ್ತೂ ಕೆರೆಯ ಹತ್ತಿರ ಇರುತ್ತಿದ್ದೆ. ಹಾಗಾಗಿ ನೀನು ನೋಡಿರಲೇ ಇಲ್ಲ.

ನನ್ನ ಟೀ ಶರ್ಟು ಬಾಗಿಲ ಹಿಂದೆ ನೇತುಹಾಕಿದ್ದೇನೆ. ಒಗೆಯಬೇಡ.

ಹೇಮಾ


ಹಲಸೂರು
14 ಅಕ್ಟೋಬರ್ 2025

ಹೇಮಾ,

ಹಾಗಾದರೆ ಆ ಸಂಜೆ ನಾನು ಕೆರೆಯಿಂದ ಬಂದಾಗ ನೀವಿಬ್ಬರೂ ನಿದ್ದೆಹೋಗಿದ್ದುದು ಅದಕ್ಕೆ. ನಾನು ಸುಸ್ತು ಅಂದುಕೊಂಡು ಚಾದರ ಹೊದಿಸಿದೆ. ಅವಳ ಕಾಲು ನಿನ್ನ ಹೊಟ್ಟೆಯ ಮೇಲಿತ್ತು.

ನಿನ್ನ ಕಾಗದ ಮೊನ್ನೆ ಬಂತು. ಓದಿ ಮಡಚಿಟ್ಟೆ. ನಿನ್ನ ಮೇಲೆ ಬೇಜಾರೇನೂ ಇಲ್ಲ, ನೀನು ಹೇಳಬೇಕಾದ್ದನ್ನೇ ಹೇಳಿದ್ದೀಯ. ಕೆರೆ ಸುತ್ತುತ್ತಿದ್ದ ಅಷ್ಟೂ ಸಂಜೆ ನನ್ನ ಮನೆಯ ಬಾಗಿಲಲ್ಲಿ ಏನು ನಡೆಯುತ್ತಿತ್ತು ಅಂತ ನನಗೆ ಗೊತ್ತಿರಲಿಲ್ಲ. ತುಟಿ ಆಡಿಸುತ್ತಾಳೆ, ಮಾತಾಡುತ್ತಾಳೆ ಅಂತ ಬರೆದೆನಲ್ಲ. ಅದು ಮಾತಾಗಿರಲಿಲ್ಲ, ಹಾಲಾಗಿತ್ತು. ಒಂದು ಮಗುವನ್ನು ಸಾಕಿದವನಿಗೆ ಅಷ್ಟು ಗೊತ್ತಾಗಬೇಕಿತ್ತು. ಸೈಕಾಲಜಿ ಪೇಪರಿನಲ್ಲಿ ಅವರು ನನಗೆ ಕೊಟ್ಟ ಮಾರ್ಕ್ಸ್ ವಾಸ್ ವೆರಿ ಫೇರ್.

ಇಮಾಮ್ ಬೀಗೆ ಹೇಳಿದೆ. "ನಂಗೆ ಗೊತ್ತಿತ್ತು ಅಣ್ಣಾ," ಅಂದಳು. ಮತ್ತೆ ಯಾಕೆ ಹೇಳಲಿಲ್ಲ ಅಂದೆ. ಹಾಲಿನ ಬಾಟಲಿ ಅಲ್ಲಾಡಿಸುತ್ತ, "ನೀವು ಕಾಫಿ ಇಡ್ತಿದ್ರಲ್ಲ," ಅಂದಳು.

ನಿನ್ನ ಟೀ ಶರ್ಟನ್ನು ಜೋಲಿಯಲ್ಲಿ ಸೀರೆಯ ಮೇಲೆ ಹಾಸಿದ್ದೇನೆ. ಒಗೆದಿಲ್ಲ, ಹೊಗೆ ಹಿಡಿದಿಲ್ಲ. ಬೂಟ್ ಪಾಲಿಶ್ ವಾಸನೆ ಬರುತ್ತದೆ, ಪಾಪು ಅದನ್ನೂ ಮೂಗಿಗೆ ಒತ್ತಿಕೊಳ್ಳುತ್ತಾಳೆ. ಇನ್ನು ನಿನ್ನ ಗುರುತಿನಲ್ಲಿ ಅದೂ ಸೇರಿತು. ಸೀರೆಯನ್ನು ಏನು ಮಾಡಲಿ ಅಂತ ನೀನು ಬರೆದಿಲ್ಲ. ಕೆಳಗೆ ಇರಲಿ ಅಂತ ಬಿಟ್ಟಿದ್ದೇನೆ.

ನಿನ್ನೆ ಒಂದೇ ಲೋಟ ಕಾಫಿ ಮಾಡಿದೆ. ಇವತ್ತೂ ಒಂದೇ. ಅಳತೆ ತಪ್ಪಿ ಡಿಕಾಕ್ಷನ್ ಸ್ಟ್ರಾಂಗ್ ಆಯಿತು.

ಈಗ ನಾನು ಹೊಸ್ತಿಲ ಮೇಲೆಯೇ ಕೂತು ಬರೆಯುತ್ತಿದ್ದೇನೆ. ಈ ಮನೆಗೆ ಬಂದ ಮೇಲೆ ಈ ಹೊತ್ತಿನಲ್ಲಿ ನಾನು ಇಲ್ಲಿ ಕೂತದ್ದು ಇದೇ ಮೊದಲು. ಕೂತಿರುವವರ ಜಾಗ ಅಂತ ಇಷ್ಟು ದಿನ ಕೂತಿರಲಿಲ್ಲ. ಚೌಕಟ್ಟಿಗೆ ಬೆನ್ನು ಕೊಟ್ಟರೆ ಒಂದು ಕಡೆ ನುಣುಪಾಗಿದೆ. ಸವೆದಿರುವುದು ಯಾರ ಬೆನ್ನಿನಿಂದ ಅಂತ ಹೇಳಲು ಬರುವುದಿಲ್ಲ. ನೀನು ಕೂತದ್ದು ಕೆಲವು ತಿಂಗಳು, ಅವಳು ಕೂತದ್ದು ವರ್ಷಗಟ್ಟಲೆ. ನಾನು ಇದನ್ನು ವಾದಕ್ಕೆ ಬರೆಯುತ್ತಿಲ್ಲ. ಕೈಗೆ ನುಣುಪು ತಾಗಿತು, ಬರೆದೆ.

ಬಿಸಿಲು ಈಗ ನನ್ನ ಮೊಣಕಾಲ ಮೇಲಿದೆ. ಪಾಪು ಬಂದಳು. ಬಳೆ ಸದ್ದು ಕೇಳಿಸಿತು, ನೀನು ಹೇಳಿದ ಹಾಗೆ ನಾನೂ ತಿರುಗಲಿಲ್ಲ. ನನ್ನ ಭುಜ ಹಿಡಿದು ನಿಂತಿದ್ದಾಳೆ. ನನ್ನ ಮುಖ ಇರುವ ಜಾಗದಲ್ಲಿ ಅವಳಿಗೆ ಬೇಕಾದ ಮುಖ ಇಲ್ಲ, ಅದು ಅವಳಿಗೆ ಗೊತ್ತು. ಅಳುತ್ತಿಲ್ಲ. ಬೀದಿ ಕಡೆ ನೋಡುತ್ತಿದ್ದಾಳೆ, ರಜೆ ಮುಗಿಸಿ ನೀನು ಬ್ಯಾಗು ಹಿಡಿದು ತಿರುಗಿ ತಿರುಗಿ ನೋಡುತ್ತ ಹೋದೆಯಲ್ಲ, ಆ ತಿರುವಿನ ಕಡೆ. ಈ ಸಲ ಅವಳು ಎಚ್ಚರವಾಗಿದ್ದಾಗಲೇ ಹೊರಟೆ. ಬಸ್ಸಿನ ಕಿಟಕಿಯಲ್ಲಿ ನೀನು ಜೂನಿನಲ್ಲಿ ಹೇಳಿದ್ದು ಅದೇ ಇರಬೇಕು, ಹೇಳಿಯೇ ಹೋಗಬೇಕಿತ್ತು ಅಂತ.

ಅವಳು ನೋಡುವ ಕಡೆಗೇ ನಾನೂ ನೋಡುತ್ತಿದ್ದೇನೆ. ಅವಳಿಗೆ ಬರುವವರಿದ್ದಾರೆ.

ಎದುರಿನ ಕಟ್ಟಡದ ನೆರಳು ಹೊಸ್ತಿಲಿಗೆ ಬಂತು. ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ಲೈಟು ಹಾಕಲು ಏಳಬೇಕು, ಎದ್ದರೆ ಅವಳು ಕೈ ಬಿಡುತ್ತಾಳೆ. ಇಷ್ಟಕ್ಕೇ ನಿಲ್ಲಿಸುತ್ತೇನೆ ಹೇಮಾ, ಬೆಳಕು ಹೋಗುತ್ತಿದೆ.